ಪ್ರಶ್ನಾವಳಿಯ ಅಂಕ ನೋಡಿ ಹುಡುಗನನ್ನು ಅಪರಾಧಿ ಎನ್ನಬಹುದೇ?

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕಿ. ಒಂಬತ್ತನೇ ತರಗತಿಯ 14 ವರ್ಷದ ಹುಡುಗನೊಬ್ಬ ಸ್ಟಾಫ್‌ರೂಮಿನಿಂದ ಎರಡು ಸಲ ಮೊಬೈಲ್ ಕದ್ದು ಸಿಕ್ಕಿಬಿದ್ದ. ಶಾಲೆಯವರು ಕರೆಸಿದ ಕೌನ್ಸೆಲರ್ ಅವನಿಂದ 90 ಪ್ರಶ್ನೆಗಳ ಐಸೆಂಕ್ ವ್ಯಕ್ತಿತ್ವ ಪ್ರಶ್ನಾವಳಿ ತುಂಬಿಸಿ, 'ಪಿ ಅಂಕ ಹೆಚ್ಚು, ಅಪರಾಧಿ ವ್ಯಕ್ತಿತ್ವದ ಲಕ್ಷಣಗಳಿವೆ' ಎಂದು ಬರೆದುಕೊಟ್ಟಿದ್ದಾರೆ. ಈಗ ಟಿಸಿ ಕೊಡುವ ಮಾತು ನಡೆದಿದೆ. 'ಹುಟ್ಟುಗುಣ ಸುಟ್ಟರೂ ಹೋಗದು' ಎನ್ನುತ್ತಾರೆ ಸಹೋದ್ಯೋಗಿಗಳು. ಅಪರಾಧಕ್ಕೆ ವ್ಯಕ್ತಿತ್ವ ನಿಜಕ್ಕೂ ಕಾರಣವೇ? ಈ ವರದಿಯನ್ನು ಎಷ್ಟು ನಂಬಬೇಕು?

ಉತ್ತರ: ವರದಿಯಿಂದಲೇ ಶುರು ಮಾಡೋಣ. ಸಿದ್ಧಾಂತದವರೆಗೆ ಹೋಗುವ ಮುನ್ನವೇ ಅದರಲ್ಲಿ ತಪ್ಪು ಸಿಗುತ್ತದೆ. 90 ಪ್ರಶ್ನೆಗಳಿರುವುದು ಮನೋವಿಜ್ಞಾನಿಗಳಾದ ಹ್ಯಾನ್ಸ್ ಮತ್ತು ಸಿಬಿಲ್ ಐಸೆಂಕ್ 1975ರಲ್ಲಿ ಹೊರತಂದ ಪ್ರಶ್ನಾವಳಿಯ ವಯಸ್ಕರ ಆವೃತ್ತಿಯಲ್ಲಿ. 7ರಿಂದ 15 ವರ್ಷದವರಿಗೆ 81 ಪ್ರಶ್ನೆಗಳ ಬೇರೆ ಆವೃತ್ತಿಯೇ ಇದೆ. 14ರ ಹುಡುಗನಿಗೆ ದೊಡ್ಡವರದನ್ನು ಕೊಟ್ಟು, ದೊಡ್ಡವರ ಸರಾಸರಿಯ ಜೊತೆ ಹೋಲಿಸಿದರೆ ಬರುವ ಅಂಕಕ್ಕೆ ಅರ್ಥವಿಲ್ಲ.

ಇನ್ನು 'ಪಿ'. ಆ 90 ಪ್ರಶ್ನೆಗಳಲ್ಲಿ ನಾಲ್ಕು ಸ್ಕೇಲ್‌ಗಳು ಕಲೆತಿವೆ: ಬಹಿರ್ಮುಖತೆಗೆ 21, ಭಾವನೆಗಳ ಅಸ್ಥಿರತೆಗೆ 23, ಪಿಗೆ 25, ಸುಳ್ಳು ಹೇಳುತ್ತಿದ್ದಾನೆಯೇ ಎಂದು ಹಿಡಿಯಲು 21. ಪಿ ಎಂದರೆ ಸೈಕೋಟಿಸಿಸಂ. ಹೆಸರು ಕೇಳಿ ಹೆದರುವವರೇ ಹೆಚ್ಚು, ಆದರೆ ಇದು ಮನೋರೋಗದ ಪತ್ತೆಯಲ್ಲ. ಒರಟುತನ, ಇತರರ ನೋವಿಗೆ ಮಿಡಿಯದಿರುವುದು, ಕಟ್ಟುಪಾಡುಗಳ ಬಗ್ಗೆ ಉದಾಸೀನ, ಇಂಥವುಗಳ ಒಂದು ಗಂಟು ಅದು. ಬಹುಪಾಲು ಜನರ ಪಿ ಅಂಕ ಸೊನ್ನೆಯ ಹತ್ತಿರವೇ ಇರುತ್ತದೆ. ಹಾಗಾಗಿ ನಾಲ್ಕೈದು ಟಿಕ್ ಹೆಚ್ಚಾದರೆ ಸಾಕು, ಹುಡುಗ 'ಅತಿ ಹೆಚ್ಚು' ಎಂಬ ಸಾಲಿಗೆ ಜಿಗಿಯುತ್ತಾನೆ. ಈ ಸ್ಕೇಲಿನ ವಿಶ್ವಾಸಾರ್ಹತೆ ಸಾಲದು ಎಂಬ ಆಕ್ಷೇಪ ಬಂದಿದ್ದರಿಂದಲೇ 1985ರಲ್ಲಿ ಅದನ್ನು ತಿದ್ದಬೇಕಾಯಿತು. ಪ್ರಶ್ನಾವಳಿ ಇಂಗ್ಲಿಷಿನಲ್ಲಿತ್ತೇ, ಕನ್ನಡದಲ್ಲಿತ್ತೇ, ಕೌನ್ಸೆಲರ್ ಬಾಯಲ್ಲೇ ಅನುವಾದಿಸಿ ಕೇಳಿದರೇ ಎಂಬುದನ್ನೂ ವಿಚಾರಿಸಿ. 'ನೀನು ಅದನ್ನು ಮಾಡುವುದಿಲ್ಲವೇ?' ಎಂಬಂಥ ಇಲ್ಲ-ಅಲ್ಲಗಳ ಪ್ರಶ್ನೆ ಕನ್ನಡಕ್ಕೆ ಬಂದಾಗ ಹೌದು ಎಂದರೆ ಏನರ್ಥ, ಇಲ್ಲ ಎಂದರೆ ಏನರ್ಥ ಎಂದು ಮಕ್ಕಳು ತಡವರಿಸುತ್ತಾರೆ.

ಎಲ್ಲಕ್ಕಿಂತ ದೊಡ್ಡ ದೋಷ ಇನ್ನೊಂದು. ಹುಡುಗ ಕದ್ದದ್ದೇಕೆ? ಪಿ ಹೆಚ್ಚಿರುವುದರಿಂದ. ಪಿ ಹೆಚ್ಚೆಂದು ಹೇಗೆ ಗೊತ್ತಾಯಿತು? ನಿಯಮ ಮುರಿಯುವವನೆಂದು ಅವನೇ ಟಿಕ್ ಹಾಕಿದ್ದರಿಂದ. ಇದು ಗಾಣದೆತ್ತಿನ ಸುತ್ತು. ನಡತೆಗೆ ಇನ್ನೊಂದು ಹೆಸರಿಟ್ಟು, ಆ ಹೆಸರನ್ನೇ ನಡತೆಯ ಕಾರಣವೆಂದು ತೋರಿಸಿದಂತೆ. ವ್ಯಕ್ತಿತ್ವ ಮತ್ತು ಅಪರಾಧದ ಬಗೆಗಿನ ಅಧ್ಯಯನಗಳನ್ನು ಕಾಡಿದ ಹಳೆಯ ಕಾಯಿಲೆಯೇ ಇದು. 1950ರಲ್ಲಿ ಶ್ಯೂಸ್ಲರ್ ಮತ್ತು ಕ್ರೆಸ್ಸಿ 113 ಅಧ್ಯಯನಗಳನ್ನು ಜಾಲಾಡಿದಾಗ, ಅಪರಾಧಿಗಳಿಗೂ ಇತರರಿಗೂ ವ್ಯಕ್ತಿತ್ವದಲ್ಲಿ ವ್ಯತ್ಯಾಸ ಕಂಡದ್ದು 42 ಪ್ರತಿಶತದಲ್ಲಿ ಮಾತ್ರ. 1967ರಲ್ಲಿ ವಾಲ್ಡೊ ಮತ್ತು ಡಿನಿಟ್ಜ್ ಮುಂದಿನ 94 ಅಧ್ಯಯನಗಳನ್ನು ನೋಡಿದಾಗ ಅದು 81 ಪ್ರತಿಶತಕ್ಕೆ ಏರಿತ್ತು. ವಿಜ್ಞಾನ ಮುಂದುವರಿಯಿತು ಎನ್ನಬಹುದಿತ್ತು. ಆದರೆ ಆ ಹೊತ್ತಿಗೆ ಎಂಎಂಪಿಐ ಎಂಬ ವ್ಯಕ್ತಿತ್ವ ಪರೀಕ್ಷೆ ಜನಪ್ರಿಯವಾಗಿತ್ತು. ಅದರಲ್ಲಿ ಅಪರಾಧಿಗಳನ್ನು ಬೇರ್ಪಡಿಸುತ್ತಿದ್ದ ಸ್ಕೇಲಿನಲ್ಲೇ ಕಾನೂನಿನ ತಂಟೆಗೆ ಸಿಕ್ಕಿದ್ದೀರಾ ಎಂಬ ಬಗೆಯ ಪ್ರಶ್ನೆಗಳಿದ್ದವು! ಜೈಲಿನಲ್ಲಿರುವವನು ಅದಕ್ಕೆ ಬೇರೇನು ಉತ್ತರ ಕೊಟ್ಟಾನು?

ಹಾಗಾದರೆ ವ್ಯಕ್ತಿತ್ವಕ್ಕೂ ಅಪರಾಧಕ್ಕೂ ನಂಟೇ ಇಲ್ಲವೆ? ಇದೆ. ಐಸೆಂಕ್ 1964ರಲ್ಲಿ ಮಂಡಿಸಿದ ವಾದವನ್ನು ತಮಾಷೆ ಮಾಡಿ ಬಿಡುವಂತಿಲ್ಲ, ಅದು ನಿಜವಾದ ಸಿದ್ಧಾಂತವಾಗಿತ್ತು, ಅಂದರೆ ಪರೀಕ್ಷಿಸಿ ಸುಳ್ಳಾಗಿಸಬಹುದಾಗಿತ್ತು. ಅವರ ಪ್ರಕಾರ ಆತ್ಮಸಾಕ್ಷಿಯೂ ಒಂದು ರೂಢಿಸಿಕೊಂಡ ಪ್ರತಿವರ್ತನೆ. ಮಗು ತಪ್ಪು ಮಾಡುತ್ತದೆ, ಬೈಗುಳ ಬೀಳುತ್ತದೆ. ಹೀಗೆ ಹತ್ತಾರು ಸಲ ಆದಮೇಲೆ ತಪ್ಪಿನ ಯೋಚನೆ ಬಂದರೇ ಎದೆ ಡವಗುಟ್ಟುತ್ತದೆ. ಬಹಿರ್ಮುಖಿಗಳ ಮಿದುಳು ಸಹಜವಾಗಿ ಕಡಿಮೆ ಉದ್ರೇಕದಲ್ಲಿರುವುದರಿಂದ ಅವರಲ್ಲಿ ಈ ರೂಢಿ ನಿಧಾನವಾಗಿ ಕೂರುತ್ತದೆ; ಜೊತೆಗೆ ಭಾವನೆಗಳೂ ಅಸ್ಥಿರವಾಗಿದ್ದರೆ ಕೆಟ್ಟ ಅಭ್ಯಾಸಕ್ಕೆ ಇನ್ನಷ್ಟು ಬಿರುಸು ಸಿಗುತ್ತದೆ. ಹೀಗಾಗಿ ಅಪರಾಧಿಗಳಲ್ಲಿ ಇ (ಬಹಿರ್ಮುಖತೆ), ಎನ್ (ಭಾವನೆಗಳ ಅಸ್ಥಿರತೆ) ಎರಡೂ ಹೆಚ್ಚಿರಬೇಕು. ಪಿ ಸೇರಿಕೊಂಡದ್ದು ಆಮೇಲೆ.

ಪರೀಕ್ಷೆಯಲ್ಲಿ ಇದು ಅರ್ಧ ಮಾತ್ರ ನಿಂತಿತು. ಜೈಲಿನಲ್ಲಿದ್ದವರ ಮೇಲೆ ನಡೆದ ಅಧ್ಯಯನಗಳಲ್ಲಿ ಎನ್ ಹೆಚ್ಚಿತ್ತು, ಇ ಹೆಚ್ಚಿರಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ಪಾರ್ಟಿಗೆ ಹೋಗುವುದು ಇಷ್ಟವೇ, ಗೆಳೆಯರು ಬಹಳವೇ ಎಂಬ ಪ್ರಶ್ನೆಗೆ ಬ್ಯಾರಕ್ಕಿನಲ್ಲಿ ಕೂತವನು ಏನೆಂದಾನು? ನಿದ್ದೆ ಬರುವುದಿಲ್ಲವೇ, ಚಿಂತೆಯೇ ಎಂದು ಕೇಳಿದರೆ ಹೌದೆನ್ನದೆ ಇನ್ನೇನು ಮಾಡಿಯಾನು? ಅಳೆದದ್ದು ಜೈಲಿನ ಗುಣವನ್ನು, ಬರೆದದ್ದು ಮನುಷ್ಯನ ಲೆಕ್ಕಕ್ಕೆ. ನಿಮ್ಮ ಹುಡುಗನಿಗೂ ಇದು ಅನ್ವಯಿಸುತ್ತದೆ. ಸಿಕ್ಕಿಬಿದ್ದ ಮೇಲೆ, ಎಲ್ಲರೂ ಕಳ್ಳನೆನ್ನುತ್ತಿರುವಾಗ, ಬಹುಶಃ ಮುಖ್ಯೋಪಾಧ್ಯಾಯರ ಕೊಠಡಿಯಲ್ಲೇ ಕೂರಿಸಿ ತುಂಬಿಸಿದ ಹಾಳೆ ಅದು.

ಇನ್ನೊಂದು ತೊಡಕು ಬಹಿರ್ಮುಖತೆಯ ಒಳಗೇ ಇತ್ತು. ಅದರಲ್ಲಿ ಎರಡು ಗುಣಗಳು ಅಂಟಿಕೊಂಡಿದ್ದವು: ಜನರೊಡನೆ ಬೆರೆಯುವುದು ಒಂದು, ಹಿಂದುಮುಂದು ನೋಡದೆ ನುಗ್ಗುವುದು ಇನ್ನೊಂದು. ಅಪರಾಧದೊಡನೆ ನಂಟಿರುವುದು ಎರಡನೆಯದಕ್ಕೆ. ಈ ನುಗ್ಗುವ ಗುಣವೂ ಒಂದೇ ಅಲ್ಲವೆಂದು 2001ರಲ್ಲಿ ವೈಟ್‌ಸೈಡ್ ಮತ್ತು ಲೈನಮ್ ಅದನ್ನು ನಾಲ್ಕಾಗಿ ಬಿಡಿಸಿದರು: ಕೋಪ ಅಥವಾ ದುಃಖ ಉಕ್ಕಿದಾಗ ತಡೆಯಲಾಗದಿರುವುದು, ಪರಿಣಾಮ ಯೋಚಿಸದಿರುವುದು, ಹಿಡಿದ ಕೆಲಸ ಪಟ್ಟಾಗಿ ಮುಗಿಸದಿರುವುದು, ರೋಮಾಂಚನ ಹುಡುಕುವುದು. ತರಗತಿಯಲ್ಲಿ ನಾಲ್ವರೂ 'ತುಂಟ'ರೇ. ಆದರೆ ಕೋಪದಲ್ಲಿ ಕೈಯೆತ್ತುವವನಿಗೆ ಬೇಕಾದ ಸಹಾಯವೇ ಬೇರೆ, ಮಜಾಕ್ಕೆ ಗೋಡೆ ಹಾರುವವನಿಗೆ ಬೇಕಾದದ್ದೇ ಬೇರೆ.

ಇಂದು ಹೆಚ್ಚು ಗಟ್ಟಿಯಾಗಿ ನಿಂತಿರುವುದು ಸ್ವನಿಯಂತ್ರಣದ ಎಳೆ. 1990ರಲ್ಲಿ ಗಾಟ್‌ಫ್ರೆಡ್‌ಸನ್ ಮತ್ತು ಹಿರ್ಷಿ ಎಲ್ಲ ಅಪರಾಧಕ್ಕೂ ಇದೊಂದೇ ಮೂಲವೆಂದು ಅತಿರೇಕಕ್ಕೆ ಹೋದರು. ಆದರೂ 2000ದಲ್ಲಿ ಪ್ರ್ಯಾಟ್ ಮತ್ತು ಕಲೆನ್ ಲಭ್ಯ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸಹಸಂಬಂಧ 0.2ಕ್ಕಿಂತ ಮೇಲಿತ್ತು (ಎರಡು ಸಂಗತಿಗಳ ನಂಟಿನ ಅಳತೆ ಇದು; 0 ಎಂದರೆ ನಂಟಿಲ್ಲ, 1 ಎಂದರೆ ಪೂರ್ತಿ ನಂಟು). ವ್ಯಕ್ತಿತ್ವವನ್ನು ಐದು ಗುಣಗಳಾಗಿ ಅಳೆಯುವ ಮಾದರಿಯಲ್ಲಿ ನೋಡಿದರೂ, ಪರರೊಡನೆ ಹೊಂದಿಕೊಳ್ಳುವ ಗುಣ ಕಡಿಮೆ, ಹೊಣೆಯರಿತು ನಡೆಯುವ ಗುಣ ಕಡಿಮೆ, ಈ ಜೋಡಿಯೇ ಮತ್ತೆ ಮತ್ತೆ ಕಾಣಿಸುತ್ತದೆ. ಇದೂ ಬೀದಿಯ ಅಪರಾಧಕ್ಕೆ ಮಾತ್ರ. ಜರ್ಮನಿಯಲ್ಲಿ 2006ರಲ್ಲಿ ಬ್ಲಿಕ್ಲೆ ಮತ್ತು ಸಂಗಡಿಗರು ಶಿಕ್ಷೆಗೊಳಗಾದ ಬಿಳಿ ಕಾಲರ್ ಅಪರಾಧಿಗಳನ್ನು, ಅಂದರೆ ಕಚೇರಿಯ ಹುದ್ದೆಯಲ್ಲಿದ್ದು ವಂಚಿಸಿದವರನ್ನು, ಮ್ಯಾನೇಜರುಗಳೊಡನೆ ಹೋಲಿಸಿದಾಗ, ಶಿಸ್ತಿನಿಂದ ಅಚ್ಚುಕಟ್ಟಾಗಿ ಕೆಲಸ ಮಾಡುವ ಗುಣ ಅಪರಾಧಿಗಳಲ್ಲೇ ಹೆಚ್ಚಿತ್ತು. ಲೆಕ್ಕಪತ್ರ ತಿದ್ದಲು ತಾಳ್ಮೆ ಬೇಕಲ್ಲ! ಎಲ್ಲ ಅಪರಾಧಕ್ಕೂ ಹೊಂದುವ ಒಂದು 'ಅಪರಾಧಿ ವ್ಯಕ್ತಿತ್ವ' ಇದೆ ಎನ್ನುವವರು ಇದಕ್ಕೆ ಉತ್ತರಿಸಬೇಕು.

ಈಗ ಅಂಕಿಯ ತೂಕ ನೋಡಿ. ಸಹಸಂಬಂಧ 0.3 ಎಂದೇ ಹಿಡಿಯೋಣ. ಅದನ್ನು ಅದರಿಂದಲೇ ಗುಣಿಸಿದರೆ 0.09. ಅಂದರೆ ಜನರ ನಡುವಿನ ವ್ಯತ್ಯಾಸದ 9 ಪ್ರತಿಶತ ಆ ಗುಣದೊಂದಿಗೆ ಹೆಜ್ಜೆ ಹಾಕುತ್ತದೆ, 91 ಪ್ರತಿಶತ ಬೇರೆಡೆ ಇದೆ. ಸಾವಿರಾರು ಜನರ ಗುಂಪಿನ ಬಗ್ಗೆ ಮಾತಾಡುವಾಗ ಇದು ಚಿಕ್ಕದಲ್ಲ. ಒಬ್ಬ ಹುಡುಗನ ಬಗ್ಗೆ ತೀರ್ಪು ಕೊಡಲು ಏನೇನೂ ಸಾಲದು.

ಇದಕ್ಕೆ ಒಳ್ಳೆಯ ಸಾಕ್ಷಿ ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನ ಅಧ್ಯಯನ. 1972-73ರಲ್ಲಿ ಅಲ್ಲಿ ಹುಟ್ಟಿದ 1,037 ಮಕ್ಕಳನ್ನು ದಶಕಗಳ ಕಾಲ ಬಿಡದೆ ನೋಡುತ್ತಾ ಬಂದಿದ್ದಾರೆ. ಅವರ ಸ್ವನಿಯಂತ್ರಣವನ್ನು 3ರಿಂದ 11 ವರ್ಷದವರೆಗೆ ಹಲವು ಸಲ, ತಂದೆತಾಯಿ, ಶಿಕ್ಷಕರು, ಸಂಶೋಧಕರು, ಸ್ವತಃ ಮಕ್ಕಳು, ಹೀಗೆ ಬೇರೆ ಬೇರೆ ಕಣ್ಣುಗಳಿಂದ ಅಳೆದರು. ಒಂದು ಮಧ್ಯಾಹ್ನ ತುಂಬಿಸಿದ ಒಂದು ಹಾಳೆಗೂ ಇದಕ್ಕೂ ಹೋಲಿಕೆಯೇ ಇಲ್ಲ. 32ನೇ ವಯಸ್ಸಿಗೆ ಬರುವಷ್ಟರಲ್ಲಿ, ಸ್ವನಿಯಂತ್ರಣ ಅತಿ ಕಡಿಮೆಯಿದ್ದ ಐದನೇ ಒಂದು ಭಾಗದವರಲ್ಲಿ 43 ಪ್ರತಿಶತ ಜನರಿಗೆ ಯಾವುದಾದರೂ ಅಪರಾಧಕ್ಕೆ ಶಿಕ್ಷೆಯಾಗಿತ್ತು. ಅತಿ ಹೆಚ್ಚಿದ್ದವರಲ್ಲಿ 13 ಪ್ರತಿಶತ. ಮೂರು ಪಟ್ಟಿಗೂ ಹೆಚ್ಚು, ಸಣ್ಣ ಮಾತಲ್ಲ. ಆದರೆ ಅದೇ ಅಂಕಿಯನ್ನು ಹಿಂದುಮುಂದಾಗಿ ಓದಿ: ಅತಿ ಕೆಳಗಿನ ಗುಂಪಿನಲ್ಲೂ ನೂರಕ್ಕೆ 57 ಮಂದಿಗೆ ಶಿಕ್ಷೆಯಾಗಿರಲಿಲ್ಲ. ಎಂಟು ವರ್ಷ ಅಳೆದ ಮೇಲಿನ ಕತೆ ಇದು.

ಗಂಭೀರ ಅಪರಾಧ ಅಪರೂಪವಾದ್ದರಿಂದ ಲೆಕ್ಕ ಇನ್ನೂ ಬಿಗಡಾಯಿಸುತ್ತದೆ. ಉದಾಹರಣೆಗೆಂದು ಹಿಡಿಯಿರಿ: 1,000 ಹುಡುಗರಲ್ಲಿ 50 ಮಂದಿ ಮುಂದೆ ಗಂಭೀರ ಅಪರಾಧಕ್ಕಿಳಿಯುತ್ತಾರೆ. ನಮ್ಮ ಬಳಿ ಎರಡೂ ಕಡೆ 80 ಪ್ರತಿಶತ ಸರಿಯಾಗಿ ಹೇಳುವ ಪರೀಕ್ಷೆ ಇದೆ. ಇಷ್ಟು ಒಳ್ಳೆಯ ವ್ಯಕ್ತಿತ್ವ ಪರೀಕ್ಷೆ ಸಿಗುವುದಿಲ್ಲ, ಇರಲಿ. ಅದು 50ರಲ್ಲಿ 40 ಜನರನ್ನು ಹಿಡಿಯುತ್ತದೆ. ಉಳಿದ 950ರಲ್ಲಿ 190 ಮಂದಿಯನ್ನೂ ತಪ್ಪಾಗಿ ಹಿಡಿಯುತ್ತದೆ. ಒಟ್ಟು 230 ಹುಡುಗರ ಹಣೆಗೆ ಚೀಟಿ ಅಂಟಿತು, ನಿಜವಾದದ್ದು 40, ಅಂದರೆ 17 ಪ್ರತಿಶತ. ಆರು ಹುಡುಗರಿಗೆ ಟಿಸಿ ಕೊಟ್ಟರೆ ಐವರಿಗೆ ಸುಮ್ಮನೆ ಕೊಟ್ಟಂತೆ. ಈ ಲೆಕ್ಕವನ್ನು ನಿಮ್ಮ ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿ, ಸಿದ್ಧಾಂತ ಹೇಳುವುದಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ವಯಸ್ಸಿನ ಮಾತೂ ಇದೆ. ಮನೋವಿಜ್ಞಾನಿ ಟೆರಿ ಮಾಫಿಟ್ 1993ರಲ್ಲಿ ಎರಡು ದಾರಿಗಳನ್ನು ಗುರುತಿಸಿದರು. ಒಂದು ಸಣ್ಣ ಗುಂಪಿನಲ್ಲಿ ತೊಂದರೆ ಮೂರ್ನಾಲ್ಕು ವರ್ಷಕ್ಕೇ ಕಾಣಿಸಿಕೊಂಡು, ಶಾಲೆ, ಮನೆ, ಬೀದಿ ಎಲ್ಲೆಡೆ ಮುಂದುವರಿಯುತ್ತದೆ. ಇನ್ನೊಂದು ಬಹು ದೊಡ್ಡ ಗುಂಪು. ಹದಿಹರೆಯದಲ್ಲಿ, ಹೆಚ್ಚಾಗಿ ಗೆಳೆಯರ ಜೊತೆ, ಶುರುಮಾಡಿ, ಕೆಲಸ ಸಂಸಾರ ಬರುವಷ್ಟರಲ್ಲಿ ತಾನಾಗಿ ಬಿಡುತ್ತದೆ. 14ರಲ್ಲಿ ಇಬ್ಬರೂ ಒಂದೇ ತರಹ ಕಾಣುತ್ತಾರೆ. ಬೇರ್ಪಡಿಸುವುದು ಹಿಂದಿನ ಇತಿಹಾಸ. ಹಾಗಾಗಿ ಆ 90 ಪ್ರಶ್ನೆಗಳಿಗಿಂತ ಬೆಲೆಬಾಳುವ ಪ್ರಶ್ನೆ ಒಂದಿದೆ, ಅದನ್ನು ಒಂದನೇ ತರಗತಿಯಲ್ಲಿ ಅವನಿಗೆ ಕಲಿಸಿದವರಿಗೆ ಕೇಳಬೇಕು: ಆಗ ಹೇಗಿದ್ದ?

ಗೆಳೆಯರ ಪ್ರಭಾವವನ್ನು ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ವಾಹನ ಓಡಿಸುವ ಕಂಪ್ಯೂಟರ್ ಆಟದಲ್ಲಿ ಅಳೆದಿದ್ದಾರೆ. ಜೊತೆಯವರು ನೋಡುತ್ತಿದ್ದಾಗ ಹದಿಹರೆಯದವರು ಒಂಟಿಯಾಗಿದ್ದಾಗಿನದಕ್ಕಿಂತ ಹೆಚ್ಚು ಅಪಾಯಕ್ಕೆ ಕೈಹಾಕಿದರು, ವಯಸ್ಕರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಗುಣ ಅದೇ, ನೋಡುವವರು ಬದಲಾದರು. ನಮ್ಮ ಕಣ್ಣಿಗೆ ಎದುರಿನ ಮನುಷ್ಯ ಕಾಣುತ್ತಾನೆ, ಅವನ ಸುತ್ತಲಿನ ಸಂದರ್ಭ ಕಾಣುವುದಿಲ್ಲ. ಅದಕ್ಕೇ ಎಲ್ಲದಕ್ಕೂ 'ಅವನ ಬುದ್ಧಿಯೇ ಅಷ್ಟು' ಎಂದು ಮುಗಿಸುತ್ತೇವೆ.

ಸೈಕೋಪತಿಯ (ಪಶ್ಚಾತ್ತಾಪ, ಮರುಕ ಇಲ್ಲದ ವ್ಯಕ್ತಿತ್ವ) ಬಗ್ಗೆ ನೀವು ಕೇಳಿಲ್ಲ, ಆದರೆ ಸಭೆಯಲ್ಲಿ ಯಾರಾದರೂ ಆ ಪದ ಎಸೆಯುತ್ತಾರೆ. ಅದಕ್ಕೆ ಮನೋವಿಜ್ಞಾನಿ ರಾಬರ್ಟ್ ಹೇರ್ ರೂಪಿಸಿದ ಅಳತೆಪಟ್ಟಿಯಲ್ಲಿ 20 ಅಂಶ, ಪ್ರತಿಯೊಂದಕ್ಕೂ 0, 1 ಅಥವಾ 2, ಒಟ್ಟು 40, ಅಮೆರಿಕದಲ್ಲಿ ರೂಢಿಯ ಗಡಿ 30. ತರಬೇತಾದವರು ದೀರ್ಘ ಸಂದರ್ಶನ ಮಾಡಿ, ದಾಖಲೆಗಳೊಡನೆ ತಾಳೆ ನೋಡಿ ಅಂಕ ಕೊಡಬೇಕು. ಅದು ವಯಸ್ಕರಿಗೆ. ಸಮಾಜವಿರೋಧಿ ವ್ಯಕ್ತಿತ್ವ ದೋಷ ಎಂಬ ರೋಗನಿರ್ಣಯವನ್ನೂ 18 ತುಂಬುವ ಮೊದಲು ಕೊಡುವಂತಿಲ್ಲ. ಮಕ್ಕಳಿಗಿರುವುದು ನಡತೆಯ ದೋಷ ಎಂಬುದು, ಅದಕ್ಕೂ ಮನೋರೋಗ ನಿರ್ಣಯದ ಅಮೆರಿಕದ ಕೈಪಿಡಿಯಾದ ಡಿಎಸ್‌ಎಂ-5ರ ಪ್ರಕಾರ 15 ಲಕ್ಷಣಗಳಲ್ಲಿ ಕನಿಷ್ಠ ಮೂರು ಕಳೆದ 12 ತಿಂಗಳಲ್ಲಿ, ಒಂದಾದರೂ ಕಳೆದ ಆರು ತಿಂಗಳಲ್ಲಿ ಕಂಡಿರಬೇಕು. ಎರಡು ಸಲ ಮೊಬೈಲ್ ಕದ್ದದ್ದು ಎಷ್ಟು ಗಂಭೀರವಾದರೂ ಅದೊಂದೇ ಲಕ್ಷಣ.

ಕಾನೂನು ಈ ವಿಷಯದಲ್ಲಿ ಸ್ಟಾಫ್‌ರೂಮಿಗಿಂತ ಎಚ್ಚರದಿಂದಿದೆ. ಆರೋಪಿಯ ಹಿಂದಿನ ಕೆಟ್ಟ ನಡತೆ ಸಾಮಾನ್ಯವಾಗಿ ಸಾಕ್ಷ್ಯವೇ ಆಗದು. ಹಳೆಯ ಸಾಕ್ಷ್ಯ ಕಾಯ್ದೆಯ 54ನೇ ಕಲಮಿನಲ್ಲಿದ್ದದ್ದು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 49ರಲ್ಲಿದೆ. ಬಾಲನ್ಯಾಯ ಕಾಯ್ದೆ 2015ರ 15ನೇ ಕಲಮಿನಡಿ ಮಗುವಿನ ಮಾನಸಿಕ ಸಾಮರ್ಥ್ಯದ ಪ್ರಾಥಮಿಕ ಪರಿಶೀಲನೆ ನಡೆಯುವುದು 16 ದಾಟಿದವರ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಮಾತ್ರ. ಅಲ್ಲೂ ಕೇಳುವುದು ಅಪರಾಧ ಮಾಡುವ ಸಾಮರ್ಥ್ಯ, ಪರಿಣಾಮದ ಅರಿವು, ಸಂದರ್ಭ ಇವನ್ನೇ. 'ಅಪರಾಧಿ ಸ್ವಭಾವ ಇದೆಯೇ' ಎಂಬ ಪ್ರಶ್ನೆಯೇ ಅಲ್ಲಿಲ್ಲ. ಅದನ್ನು ಕೇಳಿದ ಕಾನೂನು ನಮ್ಮಲ್ಲಿ ಒಂದಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಿತು. ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಹಾಕಿದ್ದ ಜಾಗಕ್ಕೆ ಸೆಟ್ಲ್‌ಮೆಂಟ್ ಎಂಬ ಹೆಸರು ಉಳಿದೇ ಇದೆ. 1952ರಲ್ಲಿ ಕಾಯ್ದೆ ಹೋಯಿತು. ಹುಟ್ಟುಗುಣದ ಗಾದೆ ಕೇಳಿದಾಗ ಇದನ್ನು ನೆನೆಯುವುದು ಒಳ್ಳೆಯದು.

ಈಗ ಮಾಡಬೇಕಾದದ್ದು. ಕದ್ದ ಮೇಲೆ ಮೊಬೈಲ್ ಏನಾಯಿತು ಎಂದು ಮೊದಲು ತಿಳಿಯಿರಿ. ಮಾರಿದನೇ? ಹಾಗಿದ್ದರೆ ದುಡ್ಡು ಎಲ್ಲಿ ಹೋಯಿತು, ಮನೆಯ ಸಾಲಕ್ಕೋ, ಗುಟ್ಕಾಕ್ಕೋ, ಆನ್‌ಲೈನ್ ಆಟಕ್ಕೋ? ತಾನೇ ಇಟ್ಟುಕೊಂಡನೇ? ದೊಡ್ಡ ಹುಡುಗನಿಗೆ ಒಪ್ಪಿಸಿದನೇ? ಕೊನೆಯದಾದರೆ ನಿಮ್ಮೆದುರು ಇರುವುದು ಬೆದರಿಕೆಗೆ ಸಿಕ್ಕ ಮಗು, ಹುಡುಕಬೇಕಾದದ್ದು ಬೇರೆ ಯಾರನ್ನೋ. ಎರಡೂ ಕಳ್ಳತನಗಳ ದಿನ, ಹೊತ್ತು, ಹಿಂದಿನ ಗಂಟೆಯಲ್ಲಿ ಏನಾಗಿತ್ತು, ಜೊತೆಗೆ ಯಾರಿದ್ದರು, ಆಮೇಲೆ ಏನು ದಕ್ಕಿತು ಎಂದು ಎರಡು ಸಾಲುಗಳಲ್ಲಿ ಬರೆದಿಡಿ. ಇಷ್ಟರಲ್ಲೇ ಯಾವ ಸ್ಕೇಲೂ ಹೇಳದ ವಿಷಯ ಹೊರಬೀಳುತ್ತದೆ. ಅಂದಹಾಗೆ, ಸ್ಟಾಫ್‌ರೂಮಿಗೊಂದು ಬೀಗದ ಕಪಾಟು ತನ್ನಿ. ಎರಡನೇ ಸಲವೂ ಮೊಬೈಲ್ ಅಷ್ಟೇ ಸುಲಭವಾಗಿ ಸಿಕ್ಕಿದ್ದು ಹುಡುಗನ ವ್ಯಕ್ತಿತ್ವದಿಂದಲ್ಲ.

ಸರಿಯಾದ ಮೌಲ್ಯಮಾಪನ ಬೇಕೆಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಅಥವಾ ಮಕ್ಕಳ ಮನೋವೈದ್ಯರ ಬಳಿ ಕಳಿಸಿ. ಅವರು ಗಮನ ನಿಲ್ಲದ, ಚಡಪಡಿಕೆಯ ತೊಂದರೆಯಾದ ಎಡಿಎಚ್‌ಡಿ, ಓದುಬರಹದ ಕಲಿಕಾ ತೊಂದರೆ, ತಲೆಗೆ ಬಿದ್ದ ಪೆಟ್ಟು, ನಿದ್ದೆ, ವ್ಯಸನ, ಮನೆಯಲ್ಲಿನ ಹೊಡೆತ ಇವನ್ನು ಒಂದೊಂದಾಗಿ ನೋಡುತ್ತಾರೆ. ಪೋಷಕರು, ಶಿಕ್ಷಕರು, ಹುಡುಗ ಮೂವರಿಂದಲೂ ಬೇರೆ ಬೇರೆಯಾಗಿ ಕೇಳುತ್ತಾರೆ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ದಾರಿ ಕೇಳಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಗುಣ ಬದಲಾಗುತ್ತದೆಯೇ ಎಂದರೆ, ನಿಧಾನವಾಗಿ, ಹೌದು. ಯೋಚನೆ ಮತ್ತು ನಡವಳಿಕೆ ತಿದ್ದುವ ಚಿಕಿತ್ಸೆಗಳ ಬಗ್ಗೆ ಲ್ಯಾಂಡನ್‌ಬರ್ಗರ್ ಮತ್ತು ಲಿಪ್ಸಿ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ ಮರುಅಪರಾಧ ಸರಾಸರಿ ನಾಲ್ಕನೇ ಒಂದು ಭಾಗ ಇಳಿದಿತ್ತು: ನೂರಕ್ಕೆ 40 ಇದ್ದದ್ದು 30. ಪವಾಡವಲ್ಲ, ಆದರೆ ಟಿಸಿಯಿಂದ ಇಷ್ಟೂ ಆಗುವುದಿಲ್ಲ. ವಾರಕ್ಕೊಂದು ಭೇಟಿಯಂತೆ ಹತ್ತು ಹನ್ನೆರಡು ವಾರ. ಅದರಲ್ಲಿ 'ಆ ಕ್ಷಣ ಬಂದಾಗ ಏನು ಮಾಡುತ್ತೇನೆ' ಎಂಬುದನ್ನು ಮೊದಲೇ ಗೊತ್ತುಮಾಡಿ, ನಟಿಸಿ, ಮತ್ತೆ ಮತ್ತೆ ಅಭ್ಯಾಸ ಮಾಡಿಸುವುದು. ಬರೀ ಬುದ್ಧಿವಾದ ಇಲ್ಲಿ ಕೆಲಸಕ್ಕೆ ಬರದು, ಅವನಿಗೆ ತಪ್ಪೆಂದು ಗೊತ್ತೇ ಇತ್ತು. ತಂಟೆಕೋರರನ್ನೆಲ್ಲ ಒಟ್ಟಿಗೆ ಕೂರಿಸಿ ಕೌನ್ಸೆಲಿಂಗ್ ಮಾಡಬೇಡಿ, ಒಬ್ಬರಿಂದೊಬ್ಬರು ಕಲಿಯುತ್ತಾರೆ. ಪೊಲೀಸ್ ಠಾಣೆ, ಜೈಲು ತೋರಿಸಿ ಹೆದರಿಸುವ ಉಪಾಯ ಯಾರಾದರೂ ಹೇಳಿದರೆ ಖಡಾಖಂಡಿತ ಬೇಡವೆನ್ನಿ. ಅಮೆರಿಕದಲ್ಲಿ ಇಂಥ ಜೈಲು ಭೇಟಿಗಳ ಒಂಬತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಹೋಗಿ ಬಂದ ಹುಡುಗರೇ ಹೋಗದವರಿಗಿಂತ ಹೆಚ್ಚು ತಪ್ಪು ಮಾಡಿದ್ದರು.

ಟಿಸಿಯ ವಿಷಯಕ್ಕೆ ಡ್ಯುನೆಡಿನ್ ಅಧ್ಯಯನವೇ ನೇರ ಉತ್ತರ ಕೊಡುತ್ತದೆ. ಸ್ವನಿಯಂತ್ರಣ ಕಡಿಮೆಯಿದ್ದ ಮಕ್ಕಳು ಹದಿಹರೆಯದಲ್ಲಿ ಕೆಲವು ಉರುಲುಗಳಿಗೆ ಬಿದ್ದದ್ದೇ ಅವರ ಮುಂದಿನ ಕಷ್ಟದ ಒಂದು ಪಾಲಿಗೆ ಕಾರಣವಾಗಿತ್ತು. ಬೇಗ ಸಿಗರೇಟು ಹಿಡಿದದ್ದು, ಹದಿವಯಸ್ಸಿನಲ್ಲೇ ತಾಯಿ ಅಥವಾ ತಂದೆಯಾದದ್ದು, ಮತ್ತು ಅರ್ಹತೆಯ ಪತ್ರವಿಲ್ಲದೆ ಶಾಲೆ ಬಿಟ್ಟದ್ದು. ಮೂರನೆಯ ಉರುಲನ್ನು ಶಾಲೆಯೇ ಒಡ್ಡುವುದು ಬೇಕೇ ಎಂದು ಆಡಳಿತ ಮಂಡಳಿಯನ್ನು ಕೇಳಿ. ಕೌನ್ಸೆಲರ್‌ಗೆ ನಾಲ್ಕು ಪ್ರಶ್ನೆ ಬರೆದು ಕಳಿಸಿ: ಯಾವ ಆವೃತ್ತಿ, ಯಾವ ಭಾಷೆ, ಯಾವ ವಯಸ್ಸಿನ ಯಾವ ಜನರ ಸರಾಸರಿಗೆ ಹೋಲಿಸಿದಿರಿ, ಸುಳ್ಳಿನ ಸ್ಕೇಲಿನಲ್ಲಿ ಎಷ್ಟು ಬಂತು? ಉತ್ತರ ಬರದಿದ್ದರೆ 'ಅಪರಾಧಿ ವ್ಯಕ್ತಿತ್ವ' ಎಂಬ ಸಾಲನ್ನು ಹಿಂಪಡೆದು ಬರೆದುಕೊಡಲು ಹೇಳಿ, ಹಳೆಯ ವರದಿಯ ಪ್ರತಿ ಈ ಹುಡುಗನ ಫೈಲಿನಲ್ಲಿ ಉಳಿಯದಂತೆ ನೋಡಿಕೊಳ್ಳಿ. ಹತ್ತನೇ ತರಗತಿಗೆ ಬೇರೆ ಶಿಕ್ಷಕರು ಬಂದಾಗ ಅವರು ಮೊದಲು ಓದುವುದು ಆ ಫೈಲನ್ನೇ.